ನೂರಕ್ಕೆ ಹತ್ತು ಅಂದ್ರೆ ಎಷ್ಟು ಸ್ವಾಮಿ?

ಸಂಜೆ ಏಳೂವರೆ ಗಂಟೆ. ಶಿವಮೊಗ್ಗದ ಖಾಸಗಿ ಬಸ್ ಸ್ಟ್ಯಾಂಡು. ಭದ್ರಾವತಿ ಬಸ್ಸಿನ ಕಂಡಕ್ಟರ್ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದಾನೆ. ಮೂಲೆಯ ಟೀ ಅಂಗಡಿಯಲ್ಲಿ ಹಾಲಿನ ಪಾತ್ರೆಯ ತಳ ಕಾಣ್ತಾ ಇದೆ. ಅಂಗಡಿಯವರು ಗಲ್ಲಾಪೆಟ್ಟಿಗೆ ಎಳೆದು ಚಿಲ್ಲರೆ ಎಣಿಸಲು ಕೂತಿದ್ದಾರೆ. ಸರಿಯಾಗಿ ಆ ಹೊತ್ತಿಗೆ ಅಲ್ಲಿಗೆ ಇಬ್ಬರು ಬರುತ್ತಾರೆ. ದಿನಾ ಬರುತ್ತಾರೆ. ಮಳೆ ಹೊಯ್ದರೂ ಬರುತ್ತಾರೆ.

ಮೊದಲು ಬರೋರು ಪಿಗ್ಮಿಯವರು. ಹೆಗಲಿಗೆ ಚೀಲ, ಕೈಯಲ್ಲಿ ರಸೀದಿ ಕೊಡೋ ಪುಟ್ಟ ಮಿಷನ್ನು. "ಏನ್ರೀ, ವ್ಯಾಪಾರ ಹೇಗಿತ್ತು?" ಅಂತ ಕೇಳಿ, ಐವತ್ತು ರೂಪಾಯಿ ತಗೊಂಡು, ಚೀಟಿ ಕೊಟ್ಟು ಮುಂದಿನ ಅಂಗಡಿಗೆ ಹೋಗ್ತಾರೆ. ಐದು ನಿಮಿಷ ಬಿಟ್ಟು ಬೈಕಿನಲ್ಲಿ ಒಬ್ಬ ಹುಡುಗ ಬರ್ತಾನೆ. ಇಂಜಿನ್ನನ್ನೂ ಆಫ್ ಮಾಡೋದಿಲ್ಲ. "ಅಣ್ಣಾ, ಇವತ್ತಿಂದು" ಅಂತಾನೆ. ನೂರು ರೂಪಾಯಿ ಜೇಬಿಗೆ ಹಾಕಿ, ಕಾರ್ಡಿನ ಮೇಲೆ ಒಂದು ಗೀಟು ಎಳೆದು ಹೊರಟುಹೋಗ್ತಾನೆ.

ಒಬ್ಬರು ಹುಂಡಿ ತುಂಬಿಸಲು ಬಂದವರು, ಇನ್ನೊಬ್ಬ ಬಾವಿ ತೋಡಲು ಬಂದವನು. ಇಬ್ಬರಿಗೂ ದುಡ್ಡು ಹೋಗುವುದು ಒಂದೇ ಗಲ್ಲಾಪೆಟ್ಟಿಗೆಯಿಂದ.

"ಆ ಹುಡುಗ ಯಾರು ಮಾರಾಯ್ರೆ?" ಅಂತ ಕೇಳಿದೆ.

"ಸಾಲ ತಗೊಂಡಿದ್ದೆ ಸಾರ್. ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು. ಬಡ್ಡಿ ಏನು ಜಾಸ್ತಿ ಇಲ್ಲ. ನೂರಕ್ಕೆ ಹತ್ತು ಅಷ್ಟೇ. ಬ್ಯಾಂಕಿನವರೂ ಅಷ್ಟೇ ತಗೋತಾರಲ್ಲ?"

"ಪಿಗ್ಮಿಯಲ್ಲಿ ಎಷ್ಟಿದೆ?"

"ಹನ್ನೆರಡು ಸಾವಿರ ಆಗಿರಬೇಕು. ಅದನ್ನ ಮುಟ್ಟಬಾರದು ಅಂತ ಇಟ್ಟಿದ್ದೀನಿ."

ಓದುಗ ಮಹಾಶಯರೇ, ಈ ನಾಲ್ಕು ಮಾತಿನಲ್ಲಿ ನಮ್ಮ ಊರಿನ ಅರ್ಧ ಅಂಗಡಿಗಳ ಜಾತಕ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚೋ ಮನುಷ್ಯ. ಕುಡಿತ ಇಲ್ಲ, ಜೂಜಿಲ್ಲ. ಆದರೂ ದುಡ್ಡು ಕೈಯಲ್ಲಿ ನಿಲ್ಲೋದಿಲ್ಲ. ಯಾಕೆ?

ಲೆಕ್ಕ ಹೀಗಿದೆ ನೋಡಿ

ಈ ನೂರು ದಿನದ ಸಾಲದ ಪದ್ಧತಿ ಬಹಳ ಜನಕ್ಕೆ ಗೊತ್ತು. ಪುಸ್ತಕದಲ್ಲಿ ಹತ್ತು ಸಾವಿರ ಅಂತ ಬರೆದುಕೊಳ್ಳುತ್ತಾರೆ. ಒಂದು ಸಾವಿರವನ್ನು ಮೊದಲೇ ಹಿಡಿದುಕೊಂಡು ಕೈಗೆ ಒಂಬತ್ತು ಸಾವಿರ ಕೊಡುತ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಹತ್ತು ಸಾವಿರಕ್ಕೆ ಒಂದು ಸಾವಿರ ಬಡ್ಡಿ. ನೂರಕ್ಕೆ ಹತ್ತು. ಸರಿಯಾಗೇ ಇದೆ ಅನ್ನಿಸುತ್ತದೆ ಅಲ್ಲವೇ?

ಸರಿಯಿಲ್ಲ ಸ್ವಾಮಿ. ಇದರಲ್ಲಿ ಮೂರು ಕಡೆ ಕೈಚಳಕ ಇದೆ.

ಒಂದು, ನಿಮ್ಮ ಕೈಗೆ ಬಂದದ್ದು ಒಂಬತ್ತು ಸಾವಿರ, ಹತ್ತಲ್ಲ. ಎರಡು, ಬ್ಯಾಂಕಿನವರು ಹೇಳುವ ಹತ್ತು ಒಂದು ವರ್ಷಕ್ಕೆ, ಇದು ಬರೀ ನೂರು ದಿನಕ್ಕೆ. ಮೂರನೆಯದು ಯಾರ ಕಣ್ಣಿಗೂ ಬೀಳದ್ದು. ಆ ಒಂಬತ್ತು ಸಾವಿರವೂ ನೂರು ದಿನ ನಿಮ್ಮ ಹತ್ತಿರ ಇರೋದಿಲ್ಲ. ಮಾರನೆಯ ದಿನದಿಂದಲೇ ವಾಪಸು ಕೊಡ್ತಾ ಹೋಗ್ತೀರಿ. ಐವತ್ತನೇ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಹೋಗಿಯೇ ಬಿಟ್ಟಿರುತ್ತದೆ. ಸರಾಸರಿ ಹಾಕಿದರೆ ನೂರು ದಿನ ನಿಮ್ಮ ಬಳಿ ಇದ್ದದ್ದು ನಾಲ್ಕೂವರೆ ಸಾವಿರ ಮಾತ್ರ. ಅದಕ್ಕೆ ಸಾವಿರ ರೂಪಾಯಿ ಬಡ್ಡಿ. ಅಂದರೆ ನೂರು ದಿನಕ್ಕೆ ನೂರಕ್ಕೆ ಇಪ್ಪತ್ತೆರಡು. ವರ್ಷದಲ್ಲಿ ಇಂಥ ನೂರು ದಿನಗಳು ಮೂರೂವರೆಗೂ ಮೇಲೆ. ಎಷ್ಟು ಬಿಗಿಯಾಗಿ ಲೆಕ್ಕ ಹಾಕಿದರೂ ವರ್ಷಕ್ಕೆ ನೂರಕ್ಕೆ 75ರ ಮೇಲೇ ಬರುತ್ತದೆ!

ಒಂದು ಕಡೆ ಪಿಗ್ಮಿಯಲ್ಲಿ ಅಲ್ಪ ಬಡ್ಡಿಗೆ ತನ್ನದೇ ಹನ್ನೆರಡು ಸಾವಿರ ಮಲಗಿದೆ. ಇನ್ನೊಂದು ಕಡೆ ಊರವರ ಒಂಬತ್ತು ಸಾವಿರಕ್ಕೆ 75ರ ಬಡ್ಡಿ ಕಟ್ಟುತ್ತಾ ಇದ್ದಾರೆ. ಪಿಗ್ಮಿ ಮೇಲೆ ಸಾಲ ಕೊಡುವ ಬ್ಯಾಂಕುಗಳಿವೆ. ಅದೂ ಬೇಡವೆಂದರೆ ಪಿಗ್ಮಿಯನ್ನೇ ಅರ್ಧದಲ್ಲಿ ಮುರಿಸಬಹುದು. ಅಲ್ಲಿ ಬರುವ ಬಡ್ಡಿಯೇ ಕಮ್ಮಿ, ಆದ್ದರಿಂದ ಕೈಬಿಟ್ಟು ಹೋಗುವುದೂ ಕಮ್ಮಿ. ಈ ಸಾವಿರದ ಮುಂದೆ ಅದು ಏನೇನೂ ಅಲ್ಲ. ಬದನೆಕಾಯಿಗೆ ಕಿಲೋಗೆ ಐದು ರೂಪಾಯಿ ಇಳಿಸು ಅಂತ ಅರ್ಧ ಗಂಟೆ ಚೌಕಾಶಿ ಮಾಡುವ ನಾವು ಸಾಲದ ಅಂಗಡಿಯಲ್ಲಿ ಬಾಯಿ ಬಿಡುವುದಿಲ್ಲ.

"ಎರಡು ರೂಪಾಯಿ ಬಡ್ಡಿ" ಅಂದಾಗಲೂ ಇದೇ ಕಥೆ. ತಿಂಗಳಿಗೆ ನೂರಕ್ಕೆ ಎರಡು ಎಂದರೆ ವರ್ಷಕ್ಕೆ 24. ಐದು ರೂಪಾಯಿ ಬಡ್ಡಿ ಎಂದರೆ 60. ಬಾಯಲ್ಲಿ ಹೇಳುವಾಗ ಪುಟ್ಟದು, ಮನೆ ಹೊಕ್ಕ ಮೇಲೆ ಹೆಬ್ಬಾವು.

ಎರಡಾಣೆಯಿಂದ ಶುರುವಾದದ್ದು

ಹಾಗಂತ ಪಿಗ್ಮಿಯನ್ನು ಹಗುರ ಮಾಡಿ ಮಾತಾಡಬೇಡಿ. ಅದು ನಮ್ಮ ನೆಲದಲ್ಲೇ ಹುಟ್ಟಿದ ಪದ್ಧತಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಮೂವರೂ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಜನರ ಮನೆ ಬಾಗಿಲಿಗೆ ಬ್ಯಾಂಕೇ ನಡೆದು ಬಂತು. ಆ ಬ್ಯಾಂಕು 2020ರ ಏಪ್ರಿಲ್ ಒಂದರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ಕನ್ನಡದ ಮಾತೇ ಆಗಿ ಉಳಿದುಕೊಂಡಿದೆ.

ನಮ್ಮವರಿಗೆ ಉಳಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಗದಗ ಕಡೆಯ ಕಣಗಿನಹಾಳದಲ್ಲಿ ರೈತರು ಸಹಕಾರ ಸಂಘ ಕಟ್ಟಿಕೊಂಡದ್ದು 1905ರಷ್ಟು ಹಿಂದೆ. ಕೊರತೆ ಇರುವುದು ಉಳಿಸುವ ಬುದ್ಧಿಗಲ್ಲ, ಲೆಕ್ಕ ಕೇಳುವ ಧೈರ್ಯಕ್ಕೆ. ಶಾಲೆಯಲ್ಲಿ ರಾಮ ಸೋಮನಿಗೆ ಸಾಲ ಕೊಟ್ಟರೆ ಸರಳ ಬಡ್ಡಿ ಎಷ್ಟು, ಚಕ್ರಬಡ್ಡಿ ಎಷ್ಟು ಅಂತ ಬೆತ್ತದ ಏಟು ತಿಂದು ಕಲಿತಿದ್ದೇವೆ. ನಮಗೇ ಯಾರಾದರೂ ಸಾಲ ಕೊಡಲು ಬಂದಾಗ ಆ ಪಾಠ ಮರೆತುಹೋಗುತ್ತದೆ.

'ಫ್ಲ್ಯಾಟ್' ಎಂಬ ಮಾಯೆ

ಬಸ್ಸಲ್ಲಿ ಓಡಾಡುವ ನೌಕರಿಯ ಹುಡುಗರು ನಗಬೇಡಿ. ನಿಮ್ಮದೂ ಇದೇ ಕಥೆ.

ಬೈಕು ಕೊಳ್ಳಲು ಹೋಗ್ತೀರಿ. ಅರವತ್ತು ಸಾವಿರ ಸಾಲ, ಮೂರು ವರ್ಷ, "ಹನ್ನೆರಡು ಪರ್ಸೆಂಟ್ ಫ್ಲ್ಯಾಟ್ ಸಾರ್" ಅಂತಾನೆ ಟೈ ಕಟ್ಟಿದ ಹುಡುಗ. ಫ್ಲ್ಯಾಟ್ ಎಂದರೆ ಏನು? ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಮೊದಲ ದಿನದ ಅರವತ್ತು ಸಾವಿರದ ಮೇಲೇ ಕೊನೆಯವರೆಗೂ ಬೀಳುತ್ತದೆ. ಮೂರು ವರ್ಷಕ್ಕೆ ಬಡ್ಡಿ 21,600. ತಿಂಗಳಿಗೆ ಸುಮಾರು 2,267 ರೂಪಾಯಿ ಕಂತು. ಉಳಿದಿರುವ ಸಾಲದ ಮೇಲೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಕ್ರಮದಲ್ಲಿ ಇದನ್ನೇ ಲೆಕ್ಕ ಮಾಡಿ ನೋಡಿ. ದರ ಹನ್ನೆರಡಲ್ಲ, ಸುಮಾರು 21!

ಇದಕ್ಕೊಂದು ಮದ್ದು ಬಂದಿದೆ, ಬಹಳ ಜನಕ್ಕೆ ಗೊತ್ತಿಲ್ಲ. 2024ರ ಅಕ್ಟೋಬರ್ ಒಂದರಿಂದ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ಸಾಲ ಕೊಡುವ ಮುಂಚೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಕಾಗದ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕು ಕಟ್ಟು ಮಾಡಿದೆ. ಅದು ಸಾಲ ಪಡೆಯುವವನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಬಡ್ಡಿ, ಪ್ರೊಸೆಸಿಂಗ್ ಫೀಸು, ಇತರೆ ಖರ್ಚು ಎಲ್ಲ ಸೇರಿ ವರ್ಷಕ್ಕೆ ನೂರಕ್ಕೆ ಎಷ್ಟು ಬೀಳುತ್ತದೆ ಎಂಬುದನ್ನು ಎ.ಪಿ.ಆರ್. ಎಂದು ಅದರಲ್ಲಿ ನಮೂದಿಸಬೇಕು. ಸಹಿ ಹಾಕುವ ಮುಂಚೆ ಅದೊಂದು ಕಾಗದ ಕೇಳಿ. "ಎ.ಪಿ.ಆರ್. ಎಷ್ಟು?" ಅಂತ ಕನ್ನಡದಲ್ಲೇ ಗಟ್ಟಿಯಾಗಿ ಕೇಳಿ. ಕೇಳಿದರೆ ಮರ್ಯಾದೆ ಹೋಗೋದಿಲ್ಲ. ಕೇಳದಿದ್ದರೆ 21,600 ಹೋಗುತ್ತದೆ.

ನನ್ನದೂ ಒಂದು ಪೆದ್ದುತನ

ಬೇರೆಯವರ ತಪ್ಪು ಎತ್ತಿ ಹಾಡಿದ್ದಾಯಿತು, ನನ್ನದನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ನಮ್ಮ ಬೀದಿಯಲ್ಲಿ ಒಬ್ಬರು ಚೀಟಿ ನಡೆಸುತ್ತಿದ್ದರು. ಇಪ್ಪತ್ತು ಜನ, ತಿಂಗಳಿಗೆ ಐನೂರು, ಹತ್ತು ಸಾವಿರದ ಚೀಟಿ. ಕೊನೆಯಲ್ಲಿ ಎತ್ತಿದರೆ ಲಾಭ ಜಾಸ್ತಿ ಎಂದು ನಾನು ಕೂಗದೆ ಕಾದೆ. ಹದಿನಾಲ್ಕು ತಿಂಗಳು ಕಟ್ಟಿದೆ. ಹದಿನೈದನೇ ತಿಂಗಳು ಹೋದರೆ ಮನೆಗೆ ಬೀಗ! ಏಳು ಸಾವಿರ ನೀರಿನಲ್ಲಿ ಹೋಮ. ಪೊಲೀಸ್ ಸ್ಟೇಷನ್ನಿನಲ್ಲಿ "ಕಾಗದ ಏನಿದೆ?" ಅಂದರು. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಆತನ ಗೀಚು ಬಿಟ್ಟರೆ ಏನೂ ಇರಲಿಲ್ಲ. ಮನೆಯವರಿಗೆ ಇದನ್ನು ಹೇಳಲು ಎರಡು ತಿಂಗಳು ಹಿಡಿಯಿತು.

ಚೀಟಿ ಕೆಟ್ಟದ್ದಲ್ಲ. ಅದಕ್ಕೆ 1982ರ ಕಾಯ್ದೆಯೇ ಇದೆ. ರಿಜಿಸ್ಟರ್ ಆದ ಚೀಟಿ ನಡೆಸುವವನು ಚೀಟಿಯ ಮೊತ್ತಕ್ಕೆ ತಕ್ಕ ಭದ್ರತೆ ಇಡಬೇಕು. ಅವನ ಕಮಿಷನ್ನಿಗೂ ಮಿತಿ ಇದೆ. ಮೊದಲು ನೂರಕ್ಕೆ 5 ಇತ್ತು, 2019ರ ತಿದ್ದುಪಡಿಯಲ್ಲಿ 7 ಆಯಿತು. ನಾನು ಕೇಳಬೇಕಾಗಿದ್ದದ್ದು ಒಂದೇ ಮಾತು: "ರಿಜಿಸ್ಟರ್ ಆಗಿದೆಯಾ?" ಪರಿಚಯದವರನ್ನು ಹೇಗೆ ಕೇಳೋದು ಎಂಬ ದಾಕ್ಷಿಣ್ಯಕ್ಕೆ ಏಳು ಸಾವಿರ ಬೆಲೆ ತೆತ್ತೆ.

ನನ್ನದು ಏಳು ಸಾವಿರದಲ್ಲಿ ಮುಗಿಯಿತು. 2019ರ ಜೂನಿನಲ್ಲಿ ಬೆಂಗಳೂರಿನ ಐ.ಎಂ.ಎ. ಕಂಪನಿ ಬಾಗಿಲು ಹಾಕಿದಾಗ ಏನಾಯಿತು? ಹತ್ತಾರು ಸಾವಿರ ಜನ ದೂರಿನ ಅರ್ಜಿ ಹಿಡಿದು ಸಾಲು ನಿಂತರು. ಮಗಳ ಮದುವೆಗೆ ಇಟ್ಟದ್ದು, ಒಡವೆ ಮಾರಿ ಹಾಕಿದ್ದು, ನಿವೃತ್ತಿಯ ದುಡ್ಡು ಎಲ್ಲ ಅದರಲ್ಲಿತ್ತು. ಬ್ಯಾಂಕು ವರ್ಷವಿಡೀ ದುಡಿದು ಆರೋ ಏಳೋ ಕೊಡುವಾಗ, ತಿಂಗಳಿಗೆ ಎರಡು ಮೂರು ಕೊಡುತ್ತೇನೆ ಎನ್ನುವವನು ಎಲ್ಲಿಂದ ತಂದಾನು? ಹೊಸದಾಗಿ ಸೇರಿದವರ ದುಡ್ಡನ್ನೇ ಹಳಬರಿಗೆ ಹಂಚುತ್ತಾನೆ. ಹೊಸಬರು ನಿಂತ ದಿನ ಅಂಗಡಿ ಬಂದ್.

ಬೋರ್ಡು ನೋಡಿ ಮರುಳಾಗಬೇಡಿ

ಇನ್ನೊಂದು ವಿಷಯ. ಗಾಂಧಿ ಬಜಾರಿನ ವ್ಯಾಪಾರಿಗಳು ಇದನ್ನು ಕತ್ತರಿಸಿ ಗಲ್ಲಾದ ಹತ್ತಿರ ಅಂಟಿಸಿಕೊಳ್ಳಬಹುದು.

ಬ್ಯಾಂಕು ಮುಳುಗಿದರೆ ಪ್ರತಿ ಠೇವಣಿದಾರನಿಗೆ, ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಐದು ಲಕ್ಷದವರೆಗೆ ವಿಮೆ ಇದೆ. 1993ರಿಂದ ಒಂದು ಲಕ್ಷ ಇದ್ದದ್ದು 2020ರ ಫೆಬ್ರವರಿಯಲ್ಲಿ ಐದಕ್ಕೆ ಏರಿತು. ನಗರ ಸಹಕಾರಿ ಬ್ಯಾಂಕುಗಳೂ ಇದರೊಳಗೆ ಬರುತ್ತವೆ. ಅದೇ 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಖಾತೆಯಿಂದ 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ವಯಸ್ಸಾದವರು ಬೀದಿಗೆ ಬಂದು ಅತ್ತದ್ದನ್ನು ನಾವೆಲ್ಲ ನೋಡಿದ್ದೇವೆ. ಆಗ ಅವರಿಗೆ ಈ ವಿಮೆಯೇ ದೊಡ್ಡ ಆಸರೆ.

ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಸೊಸೈಟಿ ಎಂಬ ಬೋರ್ಡುಗಳಿವೆಯಲ್ಲ, ಅವುಗಳಿಗೆ ಈ ವಿಮೆ ಇಲ್ಲ. ಗಾಜಿನ ಬಾಗಿಲು, ಕೌಂಟರು, ಪಾಸ್‌ಬುಕ್ಕು ಎಲ್ಲಾ ಬ್ಯಾಂಕಿನ ಹಾಗೇ ಇರಬಹುದು. ಚೆನ್ನಾಗಿ ನಡೆಯುವ ಸಂಘಗಳು ಎಷ್ಟೋ ಇವೆ, ಎಲ್ಲರನ್ನೂ ದೂರುತ್ತಿಲ್ಲ. ಆದರೆ ಒಂದು ಪರ್ಸೆಂಟ್ ಜಾಸ್ತಿ ಸಿಗುತ್ತದೆ ಎಂದು ಇಡೀ ಗಂಟನ್ನು ಒಂದೇ ಕಡೆ ಇಡುವ ಮುಂಚೆ "ಇಲ್ಲಿಗೆ ಠೇವಣಿ ವಿಮೆ ಉಂಟಾ?" ಅಂತ ಕೇಳಿಬಿಡಿ.

ಬೆಳೆಯೋದು ಹೇಗೆ?

ಸೋರುವುದು ನಿಂತ ಮೇಲೆ ತುಂಬುವ ಮಾತು. ಅದಕ್ಕೆ ಒಂದು ಸುಲಭದ ಲೆಕ್ಕ ಕಲಿಯಿರಿ. 72ನ್ನು ಬಡ್ಡಿಯ ದರದಿಂದ ಭಾಗಿಸಿ. ದುಡ್ಡು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಎಂಬುದು ಹೆಚ್ಚುಕಮ್ಮಿ ಗೊತ್ತಾಗುತ್ತದೆ. ನೂರಕ್ಕೆ 6 ಬಂದರೆ ಹನ್ನೆರಡು ವರ್ಷ. ಸಾಲಕ್ಕೂ ಇದೇ ಲೆಕ್ಕ. 24ರ ಬಡ್ಡಿಯ ಸಾಲ ಕಟ್ಟದೆ ಬಿಟ್ಟು ಬಡ್ಡಿಗೆ ಬಡ್ಡಿ ಬಿದ್ದರೆ ಮೂರೇ ವರ್ಷಕ್ಕೆ ಎರಡರಷ್ಟು. ಬೆಲೆ ಏರಿಕೆಗೂ ಇದೇ. ವರ್ಷಕ್ಕೆ ನೂರಕ್ಕೆ 6ರಂತೆ ಬೆಲೆ ಏರಿದರೆ ಹನ್ನೆರಡು ವರ್ಷದಲ್ಲಿ ಸಾಸಿವೆ ಡಬ್ಬಿಯ ಸಾವಿರ ರೂಪಾಯಿಗೆ ಐನೂರರ ಸಾಮಾನು ಬರುತ್ತದೆ. ನಮ್ಮ ಹೆಂಗಸರ ಸಾಸಿವೆ ಡಬ್ಬಿಯ ಗುಟ್ಟು 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಹೇಗೆ ಬಯಲಾಯಿತು ಎಂಬುದು ನೆನಪಿದೆಯಷ್ಟೆ?

ಆ ನೂರು ರೂಪಾಯಿಗೇ ಮತ್ತೆ ಬರೋಣ. ಬೈಕಿನ ಹುಡುಗನಿಗೆ ದಿನಾ ಹೋಗುತ್ತಿದ್ದ ನೂರು ತಿಂಗಳಿಗೆ ಮೂರು ಸಾವಿರ. ಇದನ್ನು ಪೋಸ್ಟಾಫೀಸಿನ ಪಿ.ಪಿ.ಎಫ್. ಖಾತೆಗೆ ಹಾಕಿದರೆ? 1968ರಿಂದ ಇರುವ ಯೋಜನೆ, ಹದಿನೈದು ವರ್ಷದ್ದು. ವರ್ಷಕ್ಕೆ ಐನೂರು ಕಟ್ಟಿದರೂ ಖಾತೆ ಜೀವಂತ. ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಗೊತ್ತು ಮಾಡುತ್ತದೆ, 2020ರ ಏಪ್ರಿಲಿನಲ್ಲಿ ಅದು 7.1ಕ್ಕೆ ಇಳಿಯಿತು. ಆ ದರವನ್ನೇ ಹಿಡಿದರೂ ನೀವು ಕಟ್ಟಿದ್ದು 5 ಲಕ್ಷ 40 ಸಾವಿರ, ಕೈಗೆ ಬರುವುದು 9 ಲಕ್ಷ 40 ಸಾವಿರದ ಮೇಲೆ. ಲಾಟರಿ ಅಲ್ಲ, ಪವಾಡ ಅಲ್ಲ. ಹದಿನೈದು ವರ್ಷದ ತಾಳ್ಮೆ.

ಬಸ್ಸಿನಲ್ಲಿ ಮೊಬೈಲ್ ತಿಕ್ಕುತ್ತಾ ಶೇರಿನ 'ಆಪ್ಷನ್' ಆಡುವ ತಮ್ಮಂದಿರಿಗೂ ಒಂದು ಮಾತು. 2024ರ ಸೆಪ್ಟೆಂಬರಿನಲ್ಲಿ ಸೆಬಿ ತಾನೇ ಲೆಕ್ಕ ಹೊರಗಿಟ್ಟಿತು. ಫ್ಯೂಚರ್ಸ್ ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಕಂಪನಿಯ ಶೇರು ಕೊಂಡು ವರ್ಷಗಟ್ಟಲೆ ಇಡುವುದು ಬೇರೆ, ಇದು ಬೇರೆ. ನೂರಕ್ಕೆ 93 ಜನ ಸೋಲುವ ಆಟವನ್ನು ನಮ್ಮ ಹಳ್ಳಿಯ ಕಡೆ ವ್ಯಾಪಾರ ಅನ್ನೋದಿಲ್ಲ.

ಬರೀ ಪಾಠ ಸಾಕೇ?

ಸಾಲದು. ಇದನ್ನು ಒಪ್ಪಿಕೊಳ್ಳಲೇಬೇಕು. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಏರಿ ಆಸ್ಪತ್ರೆಯವರು ಮುಂಗಡ ಕಟ್ಟಿ ಅಂದಾಗ ಯಾವ ಲೆಕ್ಕ ಕೆಲಸಕ್ಕೆ ಬರುತ್ತದೆ? ಬ್ಯಾಂಕು ಬೆಳಿಗ್ಗೆ ಹತ್ತಕ್ಕೆ ತೆರೆದು ಕಾಗದ ಕೇಳುತ್ತದೆ. ಬೈಕಿನ ಹುಡುಗ ಹತ್ತು ನಿಮಿಷದಲ್ಲಿ ಬರುತ್ತಾನೆ. ಬಡವ ಬಡ್ಡಿ ಗೊತ್ತಿಲ್ಲದೆ ಮಾತ್ರ ಸಾಲ ಮಾಡುವುದಿಲ್ಲ, ಬೇರೆ ಬಾಗಿಲು ಕಾಣದೆಯೂ ಮಾಡುತ್ತಾನೆ.

ಆದ್ದರಿಂದ ಬೇರೆ ಬಾಗಿಲು ಎಲ್ಲಿದೆ ಎಂದು ಮುಂಚೆಯೇ ತಿಳಿದಿರಬೇಕು. ಗಾಡಿ, ಫುಟ್‌ಪಾತಿನ ವ್ಯಾಪಾರಿಗಳಿಗೆ 2020ರಲ್ಲಿ ಶುರುವಾದ ಸ್ವನಿಧಿ ಸಾಲ ಇದೆ. ಜಾಮೀನು ಬೇಡ. ಮೊದಲ ಕಂತು ಹತ್ತು ಸಾವಿರ ಇದ್ದದ್ದು 2025ರಲ್ಲಿ ಹದಿನೈದಕ್ಕೆ ಏರಿತು. ಪಾಲಿಕೆಯ ಗುರುತಿನ ಚೀಟಿಯೋ ಶಿಫಾರಸು ಪತ್ರವೋ ಬೇಕು. ಅಂಗಡಿಯವರಿಗೆ 2015ರಿಂದ ಮುದ್ರಾ ಇದೆ, ಅದರ 'ಶಿಶು' ವರ್ಗದಲ್ಲಿ ಐವತ್ತು ಸಾವಿರದವರೆಗೆ. ಅಲೆದಾಟ ಇಲ್ಲವೇ ಎಂದರೆ ಇದೆ. ನಮ್ಮ ಅಧಿಕಾರಿಗಳ ಗುಣ ನಿಮಗೂ ಗೊತ್ತು. ಆದರೆ ತುರ್ತು ಬಂದ ಮೇಲೆ ಅಲೆಯಲು ಆಗೋದಿಲ್ಲ, ಬಿಡುವಿದ್ದಾಗ ಅಲೆದಿಟ್ಟುಕೊಳ್ಳಿ. ಮತ್ತು ಮನೆಯ ಎರಡು ಮೂರು ತಿಂಗಳ ಖರ್ಚಿನಷ್ಟು ದುಡ್ಡು ಬೇಕೆಂದಾಗ ತೆಗೆಯುವ ಹಾಗೆ ಇರಲಿ. ಪಿಗ್ಮಿ ಇರೋದೇ ಅದಕ್ಕೆ.

ಇನ್ನು ಮನೆ ಬಾಗಿಲಿಗೆ ಬಂದು ಗದರಿಸುವವರ ವಿಷಯ. ಮೀಟರ್ ಬಡ್ಡಿಯ ವಿರುದ್ಧ 2004ರಲ್ಲೇ ರಾಜ್ಯದಲ್ಲಿ ಕಾಯ್ದೆ ಬಂದಿದೆ. ಮೈಕ್ರೋ ಫೈನಾನ್ಸ್ ಕಾಟಕ್ಕೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿ ಸಾಲುಸಾಲಾಗಿ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಎಂದಿತು. ಸಾಲ ಮಾಡಿದ್ದೀವಿ ಅಂತ ತಲೆ ತಗ್ಗಿಸಿ ಒದೆ ತಿನ್ನಬೇಕಿಲ್ಲ. ಠಾಣೆಗೆ ಹೋಗಿ ದೂರು ಕೊಡಬಹುದು.

ಮೊನ್ನೆ ಮತ್ತೆ ಆ ಟೀ ಅಂಗಡಿಗೆ ಹೋಗಿದ್ದೆ. ಹಿಂದಿನ ಸಲ ಸಿಗರೇಟು ಪ್ಯಾಕಿನ ಹಿಂಭಾಗದಲ್ಲಿ ನಾನು ಗೀಚಿಕೊಟ್ಟ ಲೆಕ್ಕವನ್ನು ಸಕ್ಕರೆ ಡಬ್ಬದ ಕೆಳಗೆ ಇಟ್ಟುಕೊಂಡಿದ್ದರು.

"ಕಾರ್ಡು ಮುಗೀತು ಸಾರ್. ಆ ಹುಡುಗ ಇನ್ನೊಂದು ತಗೊಳಿ ಅಣ್ಣಾ, ಈ ಸಲ ಇಪ್ಪತ್ತು ಸಾವಿರ ಕೊಡ್ತೀನಿ ಅಂದ. ವರ್ಷಕ್ಕೆ ನೂರಕ್ಕೆ ಎಷ್ಟು ಬೀಳುತ್ತೆ ಹೇಳು ಅಂದೆ. ನಕ್ಕು ಬೈಕ್ ತಿರುಗಿಸಿಕೊಂಡು ಹೋದ."

"ಈಗ ಆ ನೂರು?"

"ಪಿಗ್ಮಿಗೆ ಸೇರಿಸಿ ನೂರೈವತ್ತು ಕಟ್ಟುತಾ ಇದ್ದೀನಿ. ಮಳೆಗಾಲದಲ್ಲಿ ವ್ಯಾಪಾರ ಕಮ್ಮಿ ಸಾರ್, ಎಷ್ಟು ದಿನ ಆಗುತ್ತೋ ನೋಡೋಣ. ವರ್ಷ ತುಂಬಿದ ಮೇಲೆ ಅರ್ಧ ತೆಗೆದು ಪೋಸ್ಟಾಫೀಸಿಗೆ ಹಾಕು ಅಂತಾಳೆ ಮಗಳು."

ಫೀಸು ಕಟ್ಟಿದ್ದು ದಂಡ ಆಗಲಿಲ್ಲ.

ನಾಳೆ ಯಾರೇ ನಿಮಗೆ ಸಾಲ ಕೊಡಲು ಬರಲಿ, ನಿಮ್ಮಿಂದ ಠೇವಣಿ ಕೇಳಲು ಬರಲಿ, ಕೂರಿಸಿ ಟೀ ಕೊಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: "ವರ್ಷಕ್ಕೆ ನೂರಕ್ಕೆ ಎಷ್ಟು, ಕಾಗದದ ಮೇಲೆ ಬರೆದುಕೊಡ್ತೀರಾ?" ಬರೆದುಕೊಟ್ಟರೆ ಲೆಕ್ಕ ಹಾಕಿ ನೋಡಿ. ಬರೆಯಲು ಹಿಂದೆಮುಂದೆ ನೋಡಿದರೆ ಟೀ ದುಡ್ಡು ಹೋಯಿತು ಅಂದುಕೊಳ್ಳಿ. ಅಷ್ಟಕ್ಕೇ ಮುಗಿಯಿತಲ್ಲ ಎಂದು ಸಂತೋಷಪಡಿ.